ಗೆಲ್ಲು

ರಜೆಯ ಘೋಷಣೆ ಬಂದದ್ದು ಎಂಟೂಕಾಲಕ್ಕೆ.
ಮಕ್ಕಳು ಅಷ್ಟರಲ್ಲಿ ಬಸ್ಸಿನಲ್ಲಿದ್ದರು,
ಬಸ್ಸು ಕೊಟ್ಟಾರ ಚೌಕಿಯಲ್ಲಿತ್ತು,
ಚೌಕಿ ನೀರಿನಲ್ಲಿತ್ತು.

ನೀರು ಹೊಸ್ತಿಲು ಮುಟ್ಟುವ ಮೊದಲೇ
ಮೈನ್ ಸ್ವಿಚ್ಚು ಇಳಿಸಿದ್ದೆ, ಒಣ ಕೋಲಿನಿಂದ
(ಕೈಯಿಂದ ಅಲ್ಲ, ಅದನ್ನು ಕಲಿತ ಕಲೆ ಬಲಗೈಯಲ್ಲಿ ಉಂಟು).
ಹೊಲಿಗೆ ಮೆಶಿನಿನ ಮೋಟರು ಅಟ್ಟಕ್ಕೆ.
ರವಕೆಗಳೆಲ್ಲ ಅಟ್ಟಕ್ಕೆ.
ಗೋಡೆಯಲ್ಲಿ ಪೆನ್ಸಿಲ್ ಗೆರೆಗಳು:
ಕಳೆದ ವರ್ಷದ್ದು ಮೊಣಕಾಲು,
ಅದರ ಹಿಂದಿನದು ಕುರ್ಚಿಯ ಕೈ.
ಈ ವರ್ಷದ್ದು ಇನ್ನೂ ಹತ್ತುತ್ತಾ ಇತ್ತು.

ಆಗ ಕಂಡಿತು, ಬಸ್‌ಸ್ಟಾಪಿನ ಎದುರು
ನೀರು ಒಂದೇ ಕಡೆ ಸುತ್ತುವುದು,
ಚಮಚ ತೆಗೆದ ಮೇಲೂ ಚಾ ತಿರುಗುವ ಹಾಗೆ.
ಚರಂಡಿಯ ಮುಚ್ಚಳ ಹೋಗಿದೆ.

ಟಯರು ಅಂಗಡಿಯ ಮೊಯ್ದಿನಬ್ಬರು ಕೂಗಿದ್ದು ಒಂದೇ ಶಬ್ದ:
"ಗೆಲ್ಲು!"

ಹೊಸ ಟ್ರಾಫಿಕ್ ಪೊಲೀಸು, ಯಮನೂರಪ್ಪ, ಬಾದಾಮಿ ಕಡೆಯವ,
ನಮ್ಮ ಮಳೆಯನ್ನೂ "ರೀ" ಹಾಕಿಯೇ ಮಾತಾಡಿಸುವವ,
ಟೊಪ್ಪಿಯ ಪ್ಲಾಸ್ಟಿಕ್ಕು ಸರಿಮಾಡಿ ಕೇಳಿದ:
"ಯಾರನ್ನ ಗೆಲ್ಲೂದ್ರೀ ಈಗ?"

ನಗಲಿಕ್ಕೆ ಪುರುಸೊತ್ತಿರಲಿಲ್ಲ. ಆದರೂ ನಕ್ಕೆವು.
ಗೆಲ್ಲು ಅಂದರೆ ಕೊಂಬೆ ಸಾರ್, ಮರದ್ದು.
ಗುಂಡಿ ಇದ್ದಲ್ಲಿ ನೆಡುವುದು.
ಓದಲು ಬಾರದವನೂ ಅದನ್ನು ಓದುತ್ತಾನೆ.
ಬೋರ್ಡು ಬರಲಿಕ್ಕೆ ಟೆಂಡರ್ ಆಗಬೇಕು,
ಉಪ್ಪಳಿಗೆ ಬೇಲಿಯಲ್ಲೇ ಉಂಟು.

ಅವನು ಮುರಿದು ತಂದ.
ಮೊಯ್ದಿನಬ್ಬರು ಲಾರಿಯ ಸವೆದ ಟಯರು ಉರುಳಿಸಿದರು.
ತುದಿಗೆ ನಾನು ಕಟ್ಟಿದ್ದು
ಜುಲಿಯಾನಾಳ ಮದುವೆ ರವಕೆಯಲ್ಲಿ ಉಳಿದ ಕೆಂಪು ತುಂಡು,
ಜರಿ ಸಮೇತ.

ಮೂರು ಮಳೆಗಾಲದ ಹಿಂದೆ, ಇದೇ ಜಾಗ.
ಸುಗಂಧಿಯಕ್ಕ ಬೀಡಿಯ ಕಟ್ಟು ಎದೆಗೊತ್ತಿ
ಎಲೆ ಒದ್ದೆಯಾದೀತೆಂದು ಕೆಳಗೆ ನೋಡದೆ ನಡೆದಳು.
ಕಟ್ಟು ತೇಲಿತು.
ಆ ದಿನ ಯಾರೂ ಗೆಲ್ಲು ನೆಟ್ಟಿರಲಿಲ್ಲ.
ನನ್ನ ಅಂಗಡಿ ತೆರೆದಿತ್ತು. ಗುಂಡಿ ನನಗೆ ಗೊತ್ತಿತ್ತು.
ಒಂದು ಸೆರಗಿನ ಅಂಚು ಮುಗಿಸಿ
ಯಾರಿಗಾದರೂ ಹೇಳುವ ಅಂತ ಇದ್ದೆ.

ಹತ್ತು ಗಂಟೆಗೆ ನೀರು ಗೆಲ್ಲನ್ನು ಕಿತ್ತುಕೊಂಡು ಹೋಯಿತು.
ಟಯರು ನೀರಿನಡಿ ಯಾರಿಗೂ ಕಾಣದೆ ಉಳಿಯಿತು.
ಆಗ ನಾನೇ ಇಳಿದೆ.
ಸೊಂಟಕ್ಕೆ ಹಗ್ಗ, ತುದಿ ಮೊಯ್ದಿನಬ್ಬರ ಕೈಯಲ್ಲಿ,
ಕರೆಂಟು ಕಂಬಕ್ಕೆ ಮಾತ್ರ ಬೇಡ ಅಂದಿದ್ದೆ.
ಮಡಚಿದ ಕೊಡೆಯ ಮೊನೆಯಿಂದ ರಸ್ತೆಯನ್ನು ಕುಟ್ಟಿ ಕುಟ್ಟಿ ಕೇಳಿದೆ:
ಇದ್ದೀಯಾ? ಇದ್ದೀಯಾ?
ಹೌದು ಅಂದಲ್ಲಿ ಮಾತ್ರ ಕಾಲು.

ಗುಂಡಿಯ ಇತ್ತ ನಿಂತೆ, ಹಳದಿ ರೈನ್‌ಕೋಟಿನ ಮರ.
ಬಸ್ಸಿನಿಂದ ಮಕ್ಕಳು ಒಬ್ಬರ ಚೀಲ ಒಬ್ಬರು ಹಿಡಿದು ಇಳಿದರು.
ಗೋಡೆ ಬದಿಗೆ ಬನ್ನಿ, ತಂತಿ ಕಂಡರೆ ನಿಲ್ಲಿ,
ಚಪ್ಪಲಿ ಹೋಯಿತಾ? ಹೋಗಲಿ ಮಾರಾಯ,
ಅದರ ಹಿಂದೆ ನೀನು ಹೋಗಬೇಡ.
ಯಮನೂರಪ್ಪ ಆಚೆ ದಡದಲ್ಲಿ ಗಟ್ಟಿಯಾಗಿ ಎಣಿಸಿದ,
ಮೂವತ್ತೊಂದು, ಮತ್ತೆ ಮೊದಲಿನಿಂದ, ಮೂವತ್ತೊಂದು.

ಬೈಕಿನ ಹುಡುಗ ಒಬ್ಬ ಜಗಳಕ್ಕೆ ನಿಂತ:
ಬಿರಿಯಾನಿ ಉಂಟಕ್ಕ, ತಣ್ಣಗಾಗುತ್ತದೆ.
ಆಗಲಿ. ಅದನ್ನು ಮತ್ತೆ ಬಿಸಿ ಮಾಡಬಹುದು.
ಅವನು ಸ್ವಲ್ಪ ಹೊತ್ತು ಯೋಚಿಸಿದ.
ಬೈಕು ತಿರುಗಿಸಿದ.

ಒಂದೂವರೆಗೆ ನೀರು ಇಳಿಯಿತು.
ಮುಚ್ಚಳ ತರುವವರು ನಾಳೆ ಬರುತ್ತಾರಂತೆ.
ವಾಕಿಟಾಕಿಯಲ್ಲಿ ಯಮನೂರಪ್ಪ:
"ಇನ್ನೊಂದ್ ಗೆಲ್ಲು ಹಚ್ಚೀವ್ರಿ ಸರ್, ಹಾಂ, ಗೆಲ್ಲು,
ಬಂದ್ ನೋಡ್ರಿ, ಗೊತ್ತಾಗ್ತದ."

ಗೋಡೆಯಲ್ಲಿ ಗೆರೆ ಎಳೆದೆ.
ಕೈ ಇನ್ನೂ ನಡುಗುತ್ತಿತ್ತು, ಗೆರೆ ಡೊಂಕಾಯಿತು.

ಮಂಗಳವಾರ ಜುಲಿಯಾನಾ ಬರುತ್ತಾಳೆ.
ಉಳಿದ ಬಟ್ಟೆ ಕೇಳದೆ ಹೋಗುವ ಗಿರಾಕಿ
ಈ ಊರಿನಲ್ಲಿ ಹುಟ್ಟಿಲ್ಲ.
ಫಲ್ಗುಣಿಯಲ್ಲಿ ಹುಡುಕು, ಅನ್ನುತ್ತೇನೆ,
ಒಳ್ಳೆಯ ಕೆಂಪು ಅದು,
ಬಣ್ಣ ಬಿಡುವುದಿಲ್ಲ.