ಐದಕ್ಕ ಎಷ್ಟು, ಮಾಸ್ತರ?

ಜೂನ್ ತಿಂಗಳ ಒಮ್ಮೆ ಮುಗೀಬೇಕು ನೋಡ್ರಿ.
ಎರಡು ಸಾಲಿ, ಆರನೂರು ಪ್ಯಾಂಟು, ನಾಕನೂರು ಸ್ಕರ್ಟು,
ವಾಸ್ಕೋದ ಮಾರ್ಕೆಟ್ ಹಿಂದ ಈ ಗೂಡಿನೊಳಗ
ಮಷೀನು ಕಣ್ಣು ಮುಚ್ಚೂದು ಜುಲೈದಾಗ.
ಆವಾಗ ಸೋಮವಾರ ಮಧ್ಯಾಹ್ನ ಶಟರ್ ಎಳದು
ನಾನು, ಮೌಲಾಲಿ ಸಿನಿಮಾಕ್ಕ ಹೋಗ್ತೀವಿ.

ಅವಗ ಹದಿನಾರು. ಗುಂಡಿ ಹಚ್ಚತಾನ, ಕಾಜ ಮಾಡತಾನ.
ಸಿನಿಮಾ ಆರಿಸಾಂವ ಅವನ.
ಹಂಗಾಗಿ ನಾ ನೋಡಿದ್ದೆಲ್ಲಾ ಕಾಲೇಜು ಹುಡುಗರವು:
ಹುಡುಗಿಗೆ ಸ್ಕೂಟಿ, ಹುಡುಗಗ ಗಿಟಾರು,
ಒಬ್ಬ ದಪ್ಪ ಗೆಳೆಯ,
ಕಡೀಕ ಒಂದು ರೇಲ್ವೆ ಪ್ಲಾಟ್‌ಫಾರ್ಮು.
ಫೀ ಕಟ್ಟೋ ಪಾಳಿ ಮಾತ್ರ ಎಲ್ಲೂ ಕಾಣೂದಿಲ್ಲ.

ಕೆಮರಾ, ನಟನೆ, ಅದೆಲ್ಲಾ ಓದಿದವರ ಮಾತು.
ನಾ ಹೊಲಿಗಿ ನೋಡ್ತೀನಿ.

ಹನ್ನೆರಡನೇತ್ತಾ ಹುಡುಗನ ಹೆಗಲ ಮ್ಯಾಲ
ಶರ್ಟು ಅಚ್ಚುಕಟ್ಟಾಗಿ ಕುಂತಿತ್ತಂದ್ರ
ಅಲ್ಲೇ ಅರ್ಧ ಮಾರ್ಕು ಕಡಿಮಿ.
ಬೆಳಿಯೋ ಹೆಗಲಿಗೆ ಯಾವ ಶರ್ಟೂ ಕೂಡೂದಿಲ್ಲ.
ತಾಯಿ ಬಂದು ಹೇಳ್ತಾಳ, ‘ಎರಡು ಬೆರಳು ದೊಡ್ಡದ ಇರಲಿ ಮಾಸ್ತರ,
ಮುಂದಿನ ವರ್ಷಕ್ಕೂ ಬರಬೇಕು.’
ಆ ಎರಡು ಬೆರಳಿನ ಸಡಿಲಿನೊಳಗ
ಹುಡುಗ ಇಡೀ ವರ್ಷ ನಾಚಿಕೊಂಡು ತಿರಗತಾನ.
ಪಡದೆ ಮ್ಯಾಲ ಆ ವರ್ಷ ಒಂದು ಹಾಡಿನಾಗ ಮುಗೀತೈತಿ.

ನಗಸೋ ಸಿನಿಮಾದಾಗ ಆ ದಪ್ಪ ಗೆಳೆಯ
ಬೆಂಚು ಮುರಕೊಂಡು ಬೀಳತಾನ. ಟಾಕೀಜು ಬಿದ್ದು ಬಿದ್ದು ನಗತೈತಿ.
ನಮ್ಮ ಗಿರಾಕಿ ಸಾಯೀಶ್ ಚೋಡಣಕರ,
ಒಂಬತ್ತನೇತ್ತಾ, ಮೂವತ್ತೆಂಟು ನಡ,
ಟೇಪು ಸುತ್ತುವಾಗ ಉಸುರು ಬಿಗಿ ಹಿಡೀತಾನ.
ನಂಬರು ನಾ ಒದರೂದಿಲ್ಲ. ಸುಮ್ಮನ ಬರಕೊಳ್ತೀನಿ.
ಬೆಂಚು ಮುರದ ಸಿನಿಮಾಕ್ಕ ಒಂದೂವರಿ.
ಮೌಲಾಲಿ ಅದಕ್ಕ ನಾಕು ಕೊಟ್ಟ.
ಹದಿನೇಳು ಸಲ ನಕ್ಕನಂತ, ಬೆರಳು ಮಡಚಿ ಎಣಿಸಿದ್ದ.

ಪ್ರೀತಿದು ಬ್ಯಾರೆ ಲೆಕ್ಕ.
ಮಳ್ಯಾಗ ತೊಯ್ದಾಕಿ ಮುಂದಿನ ಸೀನಿನ್ಯಾಗ
ಇಸ್ತ್ರಿ ಗೆರಿ ಸುದ್ದಾ ಮುರೀದಂಗ ನಿಂತಿರತಾಳ.
ಇಂಥಾಕಿ ಎದಿ ಒಡೀತು ಅಂದ್ರ ನಾ ಹ್ಯಾಂಗ ನಂಬಲಿ?
ಒಂದ ಒಂದು ಸಲ, ಯಾವುದೋ ಸಣ್ಣ ಸಿನಿಮಾ,
ಒಳಗ ಒಂಬತ್ತು ಮಂದಿ, ಅದರಾಗಿಬ್ಬರು ನಿದ್ದಿ,
ಹುಡುಗಿ ಫೋನು ಕೆಳಗಿಟ್ಟು
ಸ್ಕರ್ಟಿನ ಅಂಚಿನ ದಾರ ಎಳೀಲಿಕ್ಕೆ ಹತ್ತಿದಳು,
ಎಳಕೊಂತ ಎಳಕೊಂತ ಇಡೀ ಮಡಿಕಿ ಬಿಚ್ಚಿ ಬಿತ್ತು.
ಮಾತಿಲ್ಲ, ಪಿಟೀಲಿಲ್ಲ.
ನಾಕೂವರಿ ಕೊಟ್ಟೆ.
‘ಬೋರು’ ಅಂದ ಮೌಲಾಲಿ. ‘ಒಂದು.’

ಶಟರಿನ ಒಳಮೈ ಮ್ಯಾಲ ಚಾಕಿನ್ಯಾಗ ಬರದೈತಿ ಎಲ್ಲಾ,
ಎಡಕ ನಂದು, ಬಲಕ ಅವಂದು.
ಶಟರ್ ಮ್ಯಾಲೇರಿಸಿದರ ಸುತಕೊಂಡು ಹೋಗತಾವ,
ಇಳಿಸಿದರ ಮತ್ತ ಬರತಾವ.

ಹ್ವಾದ ಸೋಮವಾರ ‘ಇವತ್ತ ಟಿಕೀಟು ನಂದು’ ಅಂದ.
ಇಂಟರ್ವಲ್‌ದಾಗ ಎರಡು ಸಮೋಸಾ ತಂದ,
ಒಂದು ಕೋಲ್ಡ್ರಿಂಕು, ಎರಡು ನಳಿಗಿ.
ಚಿಲ್ಲರ ಎಣಿಸೂದು ಕಂಡೂ ಕಾಣದಂಗ ಕುಂತೆ.
ಪಡದೆ ಬೆಳಕಿನ್ಯಾಗ ಅವನ ಕಾಲ ಗಿಣ್ಣು ಹೊಳೀತಿತ್ತು.
ಆ ಪ್ಯಾಂಟು ಎರಡು ಸಲ ನಾನ ಇಳಿಸಿ ಕೊಟ್ಟೀನಿ.
ಮಡಿಕಿಯೊಳಗ ಇನ್ನ ಅರಿವಿ ಉಳದಿಲ್ಲ.

ಸಿನಿಮಾ ಹೇಳಬಾರದು.
ಮೂವತ್ತು ದಾಟಿದಾಂವ ಗಡ್ಡ ಕೆರಕೊಂಡು ಹತ್ತನೇತ್ತಾ ಕುಂತಾನ,
ಪ್ಲಾಟ್‌ಫಾರ್ಮ್ ತುಂಬ ಓಡತಾನ,
ಇನ್‌ಶರ್ಟು ಒಂದು ಎಳಿ ಹೊರಗ ಬರೂದಿಲ್ಲ.

ಬಾಯ್ನಾ ಕಡೆ ನಡಕೊಂತ ಬರುವಾಗ ಕೇಳಿದ,
‘ಐದಕ್ಕ ಎಷ್ಟು, ಮಾಸ್ತರ?’
ಮೂವತ್ತು ವರ್ಷ ಯಾವ ಗಿರಾಕಿಗೂ
ಸಡಿಲ ಇದ್ದದ್ದು ಸರಿ ಐತಿ ಅಂದಾಂವಲ್ಲ ನಾ.
‘ಮೂರೂವರಿ’ ಅಂದೆ.

ಅವ ಏನೂ ಅನಲಿಲ್ಲ.
ಮೀನಿನ ಬುಟ್ಟಿ ಹೊತ್ತಾಕಿಗೆ ದಾರಿ ಬಿಟ್ಟ.
ಅಂಗಡಿ ಮುಂದ ಬಂದು, ಕೀಲಿ ನನ್ನ ಕಡೆ ಚಾಚಿ,
‘ಕಾಲರ್ ನೋಡಿದ್ರೇನು, ಮಾಸ್ತರ?
ಮೊದಲಿನಿಂದ ಕಡೀತನಕ ಒಂದ ಕಾಲರ್.
ಹುಡುಗ ಬೆಳದ ಇಲ್ಲ’ ಅಂದ.

ಶಟರ್ ಇಳಿಸಿದ್ವಿ.
ಚಾಕು ಇಲ್ಲೇ ಎಲ್ಲೋ ಇತ್ತು.
ಹುಡುಕಲಿಕ್ಕೆ ಹತ್ತಿದೆ.