ಬಟ್ಟೆ ಒಣಹಾಕುವ ಕ್ರಮ

ಮೊದಲ ಸಾಲಿಗೆ ದುಪ್ಪಟಿ, ಅಗಲಕ್ಕೆ ಹರವಿ.
ಆಮೇಲೆ ಟವೆಲು, ಮಲಕಿಯ ನೀಲಿ ಅಂಗಿ
(ಅವನು ಹೋದ ಮೇಲೆ ಅವಳೇ ತೊಡುತ್ತಾಳೆ).
ಎಲ್ಲಕ್ಕಿಂತ ಹಿಂದೆ, ಗೋಡೆಯ ಮರೆಗೆ,
ಒಳಬಟ್ಟೆ.
ಡಿಂಪ್ನಾಗೆ ಎಂಬತ್ತೊಂದು. ಕ್ರಮ ತಪ್ಪಿಲ್ಲ.
ತಲೆ ಎತ್ತಿದರೆ ಗುಡ್ಡ ಬರೀ ಗುಡ್ಡ:
ಹಳದಿ ಹೂವಿನ ಮುಳ್ಳುಪೊದೆ, ಏಳೆಂಟು ಕುರಿ,
ಹುಲ್ಲು ಹತ್ತದ ನಾಲ್ಕು ಚೌಕ.

ಆ ಚೌಕಗಳ ಮೇಲೆ ಕಾಲೂರಿತ್ತು
ಸೈನ್ಯದ ಗೋಪುರ. ದಕ್ಷಿಣ ಆರ್ಮಾದ ಗಡಿ,
ಐರ್ಲೆಂಡು ಎರಡಾಗುವ ಜಾಗ.
ರಸ್ತೆಗಿಳಿಯಲು ಅಂಜಿ
ಬ್ರೆಡ್ಡು, ಹಾಲು, ಹದಿನೆಂಟರ ಹುಡುಗರು
ಎಲ್ಲ ಹೆಲಿಕಾಪ್ಟರಿನಲ್ಲೇ ಬರುತ್ತಿತ್ತು;
ಕಸವೂ ಹೆಲಿಕಾಪ್ಟರಿನಲ್ಲೇ ವಾಪಸು.
ಮೇಲಿನ ದುರ್ಬೀನು
ಗಡಿಯಾಚೆಯ ಹಸುವಿನ ಕಿವಿಯ ನಂಬರು ಓದುತ್ತದಂತೆ.
ಪಬ್ಬಿನಲ್ಲಿ ಹಾಗೆ ಹೇಳಿದವನೂ
ಹೇಳುವ ಮುಂಚೆ ಕಿಟಕಿಗೆ ಬೆನ್ನು ಹಾಕಿದ್ದ.
ಗೋಡೆಗೂ ಕಿವಿ ಅನ್ನುವುದು ನಮಗೆ ಗಾದೆ.
ಅವರು ನಲ್ಲಿ ಬಿಟ್ಟುಕೊಂಡು ಮಾತಾಡುತ್ತಿದ್ದರು,
ಹಾಲಿನ ಬಾಕಿ, ಮಗುವಿನ ಕೆಮ್ಮು,
ಬಚ್ಚಿಡುವಂಥದ್ದು ಏನೂ ಇಲ್ಲದವರೂ.

ಒಂದು ಶನಿವಾರ, ಸಂತೆಯ ಊರಲ್ಲಿ,
ಔಷಧಿ ಅಂಗಡಿ ಮುಂದೆ ನಿಂತ ಕಾರು ಸಿಡಿಯಿತು.
ತಂಗಿ ನೋರೀನಳ ಮಗ ಫಿಂಟನ್, ಹನ್ನೊಂದು ವರ್ಷ,
ಬೂಟಿನ ಲೇಸು ತರಲು ಹೋಗಿದ್ದ.
ಕಾರು ಹಾದದ್ದು ಇದೇ ರಸ್ತೆ, ಗೋಪುರದ ಬುಡದಲ್ಲೇ.
ಅಂದು ಮಂಜು ಕವಿದಿತ್ತಂತೆ.
ಮಣ್ಣು ಮಾಡಿ ಬಂದ ಸಂಜೆ ನೋರೀನ್ ಅಂದಳು:
'ಗುಡ್ಡಕ್ಕೊಂದು ಗೋಪುರ ಕಟ್ಟಲಿ.
ನನ್ನ ಮೈಮೇಲಿನ ಮಚ್ಚೆ ಎಣಿಸಲಿ ಬೇಕಾದರೆ.
ಆ ಒಂದು ಕಾರು ಕಾಣಬೇಕಿತ್ತು.'
ಡಿಂಪ್ನಾಳಲ್ಲಿ ಉತ್ತರ ಇರಲಿಲ್ಲ. ಈಗಲೂ ಇಲ್ಲ.
ಮರುದಿನ ಬಟ್ಟೆ ಹಾಕುವಾಗ ಮಾತ್ರ
ಒಳಬಟ್ಟೆ ಹಿಂದಿನ ಸಾಲಿಗೇ ಹೋಯಿತು.
(ನಾಚಿಕೆಯಾಯಿತು, ಎನ್ನುತ್ತಾಳೆ. ಆದರೂ.)

ಇನ್ನೊಂದು ಚಳಿಗಾಲ.
ಕುರಿ ಹುಡುಕಿ ಹೋದ ಮಲಕಿ
ಹೊಲದ ಮೂಲೆಯ ಹಿಮದಲ್ಲಿ ಎದೆ ಹಿಡಿದು ಬಿದ್ದ.
ಮನೆಗೆ ಗೊತ್ತಿಲ್ಲ.
ಗುಡ್ಡಕ್ಕೆ ಗೊತ್ತಾಯಿತು.
ರೆಕ್ಕೆಯ ಸದ್ದಿಗೆ ಹೊರಬಂದವಳ ಎದುರು
ಮೊಡವೆ ಮುಖದ ಒಬ್ಬ ಸೈನಿಕ:
'ಬದುಕುತ್ತಾರೆ ಅಮ್ಮಾ. ನಡಿಗೆ ನೋಡಿಯೇ
ನಿಮ್ಮವರು ಅಂತ ಹೇಳಿದ್ದೆ ನಾನು.
ಹೋದ ಮಂಗಳವಾರ ನೀವು ಬಟ್ಟೆ ಹಾಕಲಿಲ್ಲ,
ಹುಷಾರಿರಲಿಲ್ಲವೇ?'
ಅಕ್ಕರೆಯಿಂದಲೇ ಕೇಳಿದ.
ಅದಕ್ಕೇ ಅವಳು ಬೆವೆತದ್ದು, ಆ ಹಿಮದಲ್ಲಿ.

ಮಲಕಿ ಮತ್ತೆ ಒಂಬತ್ತು ವರ್ಷ ಬಾಳಿದ.
ಒಂಬತ್ತು ವರ್ಷವೂ ಊರು ಕೇಳಿತು, ಬಾಯಿ ತೆರೆಯದೆ:
ಇವರಿಗೇ ಯಾಕೆ ಬಂತು ಹೆಲಿಕಾಪ್ಟರು?
ಪಬ್ಬಿನಲ್ಲಿ ಅವನ ಎಡಬಲದ ಕುರ್ಚಿ ಖಾಲಿ.
ಗೋಪುರದ ಗಾಜಿಗಿಂತ
ನೆರೆಮನೆಯ ಪರದೆ ಹೆಚ್ಚು ಅಲುಗಿದ ವರ್ಷಗಳು.

ನೋಡುವುದು ಬೇರೆ, ನೋಡಿಕೊಳ್ಳುವುದು ಬೇರೆ
ಎಂದು ಬರೆಯಲು ಹೊರಟಿದ್ದೆ.
ಅವಳ ಕತೆ ಬಿಡುವುದಿಲ್ಲ.
ಎರಡನ್ನೂ ಮಾಡಿದ್ದು ಒಂದೇ ದುರ್ಬೀನು.

ಒಪ್ಪಂದವಾಯಿತು. ಗೋಪುರ ಬಿಚ್ಚಿ
ತುಂಡು ತುಂಡಾಗಿ ಆಕಾಶದಲ್ಲೇ ಒಯ್ದರು.
ಈಗ ನೋರೀನಳ ಕರೆಗಂಟೆಗೊಂದು ಕಣ್ಣಿದೆ:
ಬೀದಿ ಪೂರ್ತಿ ಕಾಣುತ್ತದೆ,
ಎದುರು ಮನೆಯ ಊಟದ ಮೇಜೂ.
'ಪೊಲೀಸರು ಕೇಳಿದರೆ ಕೊಡುತ್ತೇನೆ. ಕೇಳದಿದ್ದರೂ.'

ಗುರುವಾರ, ಚಹಾದ ಹೊತ್ತು.
ಡಿಂಪ್ನಾ ಇನ್ನೂ ಮೆಟ್ಟಿಲ ಬಳಿ; ಗಂಟೆ ತಾನೇ ಮಾತಾಡಿತು,
ತಂಗಿಯ ದನಿಯಲ್ಲಿ: 'ಕಂಡೆ. ಬಾರೇ ಒಳಗೆ.'
ಅವಳು ಉಣ್ಣೆಯ ಟೋಪಿ ತೆಗೆದು
ಆ ಕಣ್ಣಿಗೆ ತೊಡಿಸಿದಳು.
ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿದಳು
ಮೂರು ಸಲ,
ಯಾರೋ ಹೊಸಬರು ತಟ್ಟುವಂತೆ.