ಸೊನ್ನೆ ಸೆಂಟು

ತೋಟದ ರೈಟರ್ ನಾನು.
ಬರೆಯುವುದು ಇಷ್ಟೇ: ಯಾರು ಬಂದರು, ಯಾರು ಬರಲಿಲ್ಲ,
ಎಷ್ಟು ಕಿಲೊ, ಎಷ್ಟು ಮೂಟೆ,
ಮತ್ತು ದಿನಾ ಬೆಳಿಗ್ಗೆ ಎಂಟಕ್ಕೆ
ಎಷ್ಟು ಮಳೆ.

ನಮ್ಮ ಅಮ್ಮತ್ತಿ ಕಡೆ ಮಳೆಗೆ ಇಂಚು, ಸೆಂಟಿನ ಲೆಕ್ಕ.
ಮದುವೆ ಊಟದ ಸಾಲಿನಲ್ಲಿ, ಸಾವಿನ ಮನೆಯ ಅಂಗಳದಲ್ಲೂ
ದನಿ ತಗ್ಗಿಸಿ ಒಬ್ಬರಾದರೂ ಕೇಳುತ್ತಾರೆ,
"ನಿಮ್ಮಲ್ಲಿ ಎಷ್ಟು ಸೆಂಟು?"

ಕಣದ ಆಚೆ, ಸಿಲ್ವರ್ ಓಕಿನ ಕೊಂಬೆ ಚಾಚದ ಕಡೆ
ಮೊಣಕಾಲೆತ್ತರ ನಿಂತಿದೆ ಮಳೆಮಾಪಕ:
ತಾಮ್ರದ ಆಲಿಕೆ, ಒಳಗೊಂದು ಬಾಟಲಿ.
ಆಲಿಕೆಯ ಅಂಚು ನೆಗ್ಗಿದೆ, ಯಾವುದೋ ಕಾಲದಲ್ಲಿ
ಆನೆ ಮುಟ್ಟಿ ನೋಡಿದ್ದಂತೆ.
ಕುಕ್ಕರಗಾಲಲ್ಲಿ ಕೂತರೆ ನನ್ನ ಮಂಡಿ ಲಟಕ್ಕೆನ್ನುತ್ತದೆ.

ಕಕ್ಕಡ ತಿಂಗಳಲ್ಲಿ ಈ ಕೆಲಸ ಸುಲಭ.
ಅಳೆ, ಚೆಲ್ಲು, ಬರೆ. ಮೂರು ಇಂಚು, ನಾಲ್ಕೂವರೆ.
ಯೋಚನೆಗೆ ಎಡೆಯಿಲ್ಲ,
ಕೊಡೆಗೇ ಒಂದು ಕೈ ಬೇಕು.

ಕಷ್ಟವೆಲ್ಲ ಈ ಮಾರ್ಚಿನಲ್ಲಿ.
ಹೂಮಳೆಗೆ ಕಾದು ಗಿಡದ ಎಲೆ ಜೋತಿದೆ.
ಬಂದಿಲ್ಲವೆಂದು ಆಕಾಶವೇ ಹೇಳುತ್ತಿದೆ,
ಆದರೂ ಹೋಗಿ ಇಣುಕಬೇಕು.
ನೋಡದೆ ಬರೆದ ಸೊನ್ನೆ ಸುಳ್ಳು ಕಣೋ, ಎಂದಿದ್ದರು
ಕೆಲಸ ಕಲಿಸಿದ ಅಚ್ಚಯ್ಯ ರೈಟರು.
ಅವರು ಸೇದುತ್ತಿದ್ದ ಬೀಡಿಯ ವಾಸನೆ ಸಮೇತ
ನೆನಪಿದೆ ಆ ಮಾತು.

ಹಾಗಾಗಿ ಹೋಗುತ್ತೇನೆ, ಕೂರುತ್ತೇನೆ, ಇಣುಕುತ್ತೇನೆ.
ಒಂದು ದಿನ ಒಳಗೊಂದು ಜೇಡ.
ಒಂದು ದಿನ ಆಲಿಕೆಯ ಬಾಯಲ್ಲಿ ಅಡ್ಡಬಿದ್ದ ತರಗೆಲೆ.
ಒಂದು ದಿನ ಇಬ್ಬನಿ, ಅಳತೆಗೆ ಸಿಗದಷ್ಟು,
ಗಾಜಿನ ತಳದಲ್ಲಿ ಉಸಿರು ತಾಗಿದ ಹಾಗೆ.
ಬೆನ್ನ ಹಿಂದೆ ಕಣದಲ್ಲಿ ಬೊಳ್ಳಿ
ಬರಿಗಾಲಲ್ಲಿ ಸಾಲು ಬಿಡಿಸುತ್ತಾಳೆ ಒಣಮೆಣಸಿಗೆ,
ಕರಿಕಾಳು ಉರುಳುವ ಸದ್ದು
ದೂರದಲ್ಲೆಲ್ಲೋ ಮಳೆ ಬಂದ ಹಾಗೇ ಇರುತ್ತದೆ.
ಮೊದಮೊದಲು ತಿರುಗಿ ನೋಡುತ್ತಿದ್ದೆ.
ಈಗ ಹಾಗೇ ಕೂತು ಕೇಳುತ್ತೇನೆ.
ಒಂದು ಸೊನ್ನೆ ಬರೆಯಲು ಕಾಲು ಗಂಟೆ ಹಿಡಿಯುತ್ತದೆ.
ಸಂಬಳ ಕೊಡುವವರಿಗೆ ಇದು ಗೊತ್ತಿಲ್ಲ.

ಮೊನ್ನೆ ಬುಧವಾರ ಬಾಟಲಿಯಲ್ಲಿ ನೀರು.

ರಾತ್ರಿ ನಕ್ಷತ್ರ ಹರಡಿತ್ತು, ನೆಲದ ದೂಳು ಕದಲಿಲ್ಲ,
ಅಳತೆಗಾಜಿಗೆ ಸುರಿದೆ: ಹದಿನೆಂಟು ಸೆಂಟು.
ಎಷ್ಟು ನೀರು ಅದು? ನಾಲ್ಕು ಗುಟುಕು.
ತಲೆ ಎತ್ತಿದರೆ ಬೊಳ್ಳಿಯ ಮೊಮ್ಮಗಳು,
ಶಾಲೆಯ ಹಾಜರಿಯಲ್ಲಿ ಸಿಂಚನಾ, ಲೈನ್‌ಮನೆಯಲ್ಲಿ ಚೋಮಿ,
ನೀಲಿ ವಾಟರ್ ಬಾಟಲಿ ಬೆನ್ನಿಗೆ ಅಡಗಿಸಿಕೊಂಡು
ಮೆಣಸಿನ ಮೂಟೆಯ ಮರೆಯಲ್ಲಿ.

"ದಿನಾ ನೋಡ್ತೀರಿ, ದಿನಾ ಏನೂ ಇರಲ್ಲ,"
ಎಂದಳು, ತಪ್ಪು ನನ್ನದೇ ಎಂಬಂತೆ.
"ಎಷ್ಟು ಬಂತು?"
"ಹದಿನೆಂಟು."
"ಹೂ ಬಿಡ್ತದಾ?"

ಮಾಪಕದ ಪಕ್ಕದ ರೊಬಸ್ಟಾ ಗಿಡದ ಬುಡಕ್ಕೆ
ಇಬ್ಬರೂ ಸೇರಿ ಚೆಲ್ಲಿದೆವು.
ಮಣ್ಣು ಒಂದು ಸಲ ಕಪ್ಪಾಯಿತು,
ನೋಡನೋಡುತ್ತ ಮೊದಲಿನ ಬಣ್ಣಕ್ಕೆ ಬಂತು.
ಶಾಲೆಯ ಜೀಪು ಹಾರ್ನ್ ಹಾಕಿತು. ಓಡಿದಳು.

ಪುಸ್ತಕ ತೆರೆದು ಬರೆದೆ: ಸೊನ್ನೆ.
ಪಕ್ಕದಲ್ಲಿ ಷರಾ ಎಂಬ ಕಾಲಂ ಇದೆ,
ಇಪ್ಪತ್ತೆರಡು ವರ್ಷದಲ್ಲಿ ನಾನು ಮುಟ್ಟದ್ದು.
ಅಲ್ಲಿ ಬರೆದೆ: ವಾಟರ್ ಬಾಟಲಿಯಿಂದ, ಹದಿನೆಂಟು.
ಲೆಕ್ಕಕ್ಕಿಲ್ಲ ಎಂದು ಸೇರಿಸಬೇಕಿತ್ತು.
ಪೆನ್ನು ಮುಚ್ಚಿಟ್ಟೆ.

ಒಂಬತ್ತು ದಿನ ಬಿಟ್ಟು ನೋಡಿದೆವು. ಹೂ ಬಿಡಲಿಲ್ಲ.
ಹದಿನೆಂಟು ಸೆಂಟಿಗೆ ಯಾವ ಗಿಡವೂ ಬಿಡುವುದಿಲ್ಲ.
ಅದು ಅವಳಿಗೂ ಗೊತ್ತಾಗಿದೆ ಈಗ,
ಆದರೂ ಜೀಪು ಬರುವ ಮೊದಲು ಬಂದು
ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಾಳೆ.
ಇಬ್ಬರೂ ಇಣುಕುತ್ತೇವೆ.
"ಇಲ್ಲ," ಎನ್ನುತ್ತಾಳೆ.
"ಇಲ್ಲ," ಎನ್ನುತ್ತೇನೆ.
ಕಣದಲ್ಲಿ ಮೆಣಸು ಉರುಳುತ್ತಿರುತ್ತದೆ.
ಏಳುವಾಗ ನನ್ನ ಮಂಡಿ ಲಟಕ್ಕೆನ್ನುತ್ತದೆ,
ಅದಕ್ಕೆ ಅವಳು ದಿನಾ ನಗುತ್ತಾಳೆ.